ಷರಾ ಕಲಂ

ಅಂಗಡಿ ಮುಚ್ಚುವುದಕ್ಕೂ ಅರ್ಜಿ ಬೇಕು ತ್ರಿಯೆಸ್ತೆಯಲ್ಲಿ.
ನಗರಸಭೆಯ ಹುಡುಗ ಲೊರಿಸ್ ನಮೂನೆ ಹಿಡಿದು ಬಂದಿದ್ದಾನೆ.
ಹೊರಗೆ ಬೋರಾ ಗಾಳಿ. ಬಾಗಿಲಿಗೆ
ಕುರ್ಚಿಯೊಂದನ್ನು ಆನಿಸಿ ನಿಲ್ಲಿಸಿದ್ದಾಳೆ ನೆರೀನಾ,
ಗಿರಾಕಿಗಳು ಕಾಯುತ್ತಿದ್ದ ಕುರ್ಚಿ.

ಕತ್ತಿ ಏಳು. ಸಾಣೆಪಟ್ಟಿ ಎರಡು.
ಕುಂಚ ಮೂರು, ಅದರಲ್ಲೊಂದು ಬೋಳು.
ಕನ್ನಡಿ? ಗೋಡೆಗೆ ಸೇರಿದ್ದು, ಬರೆಯಬೇಡ.
ಆಮೇಲೆ ಈ ಅಲ್ಯುಮಿನಿಯಂ ಡಬ್ಬಿ.

ಇದು ಸೋಪೋ ಕ್ರೀಮೋ, ಅಮ್ಮಾ?
ಎರಡಕ್ಕೂ ಬೇರೆ ಬೇರೆ ಕಲಂ ಇದೆ.

ನೆರೀನಾ ನಗುತ್ತಾಳೆ,
ಹನ್ನೊಂದು ವಾರದಲ್ಲಿ ಮೊದಲ ಸಲ.
ಇದೇ ಮಾತಿಗೆ ಅವಳ ಎಜಿಡಿಯೊ
ಅವಳ ತಮ್ಮನ ಜೊತೆ ನಾಲ್ಕು ಚಳಿಗಾಲ ಮಾತು ಬಿಟ್ಟಿದ್ದ.
ಬಿಲ್ಲೆಯಾಗಿ ನಿಂತರೆ ಸೋಪು,
ಬೆರಳಿಗೆ ಬಂದರೆ ಕ್ರೀಮು, ಇಷ್ಟಕ್ಕೇಕೆ ಪಂಚಾಯಿತಿ ಎಂದಿದ್ದ ತಮ್ಮ,
ಮುಖಕ್ಕೆ ನೊರೆ ಹಚ್ಚಿಸಿಕೊಂಡೇ.
ಕತ್ತಿ ಗಾಳಿಯಲ್ಲೇ ನಿಂತಿತ್ತು.
ಹಾಲು ಹಾಲು, ಚೀಸು ಚೀಸು, ಸರಿ;
ಒಡೆದು ಇನ್ನೂ ಕಟ್ಟದ ಗಳಿಗೆಯಲ್ಲಿ
ಅದನ್ನು ಏನೆಂದು ಕರೆಯುತ್ತೀಯೋ ಮಾರಾಯ?
ಕೊಬ್ಬಿಗೆ ಕ್ಷಾರ ಹಾಕಿ ಕುದಿಸಿದ್ದು ಇದು,
ಕುಲ ಸೋಪಿನದು. ನಡತೆ ಮಾತ್ರ ಮೆದು.
ಅರ್ಧ ಗಡ್ಡದಲ್ಲೇ ಎದ್ದುಹೋಗಿದ್ದ ತಮ್ಮ,
ಟವೆಲ್ಲು ಇವತ್ತಿಗೂ ವಾಪಸು ಬಂದಿಲ್ಲ.

ಹಾಗಾದರೆ ಸೋಪು ಅಂತ ಬರೆಯಲೇ?
ಲೊರಿಸನ ಗಡ್ಡ ನಯವಾಗಿದೆ, ಮಷೀನಿನ ಗಡ್ಡ.
ಅವನಿಗೆ ಕುಂಚ ನೆನೆಸುವುದು ಗೊತ್ತಿಲ್ಲ,
ಒದ್ದೆ ಕೆನ್ನೆಯ ಮೇಲೆ ಅದು ಮೂರನೇ ಸುತ್ತಿಗೆ
ದಪ್ಪವಾಗಿ ಏಳುವುದು ಗೊತ್ತಿಲ್ಲ.

ಮುಚ್ಚಳ ತಿರುಗಿಸುತ್ತಾಳೆ. ಕಹಿಬಾದಾಮಿಯ ವಾಸನೆ
ಕೋಣೆಯಲ್ಲಿ ಒಬ್ಬ ಮನುಷ್ಯನಷ್ಟು ಜಾಗ ಹಿಡಿಯುತ್ತದೆ.

ಒಳಗೆ, ಬಿಳಿಯ ನಡುವೆ, ಎರಡು ಬೆರಳಿನ ಹಳ್ಳ.
ಅಕ್ಟೋಬರಿನ ಒಂದು ಶನಿವಾರ ತೋಡಿದ್ದು.
ಕ್ರೀಮಾಗಿದ್ದರೆ ಇಷ್ಟರಲ್ಲಿ ಕೂಡಿಕೊಳ್ಳುತ್ತಿತ್ತು.
ಬಿಲ್ಲೆಯಾಗಿದ್ದರೆ ಬೆರಳನ್ನೇ ಒಪ್ಪುತ್ತಿರಲಿಲ್ಲ.
ಉಗುರು ತಾಗಿದ ಗೀರು ಕೂಡ ಹಾಗೇ ಇದೆ.

ಅವಳು ಬಾಯಿ ತೆರೆಯುವ ಮೊದಲೇ
ಹದ ನೋಡಲು ಹುಡುಗ ತನ್ನ ತೋರುಬೆರಳು ಒತ್ತಿಬಿಟ್ಟ,
ಪಕ್ಕದಲ್ಲೇ.
ಒತ್ತಿ, ಅವಳ ಮುಖ ನೋಡಿ,
ಬೆರಳನ್ನು ಎಲ್ಲಿಡಬೇಕೆಂದು ತಿಳಿಯದೆ
ನಮೂನೆಗೇ ಒರೆಸಿಕೊಂಡ.
ಷರಾ ಕಲಮಿನಲ್ಲಿ ಒಂದು ಜಿಡ್ಡಿನ ಕಲೆ.

ನೆರೀನಾ ಬಯ್ಯಲಿಲ್ಲ.
ಮುಚ್ಚಳ ಹಾಕಿದಳು, ಬಿಗಿಯಾಗಿ, ಎರಡು ಸಲ.
ಇದನ್ನೂ ಬರೆಯಬೇಡ ಅಂದಳು,
ಇದೂ ಗೋಡೆಗೆ ಸೇರಿದ್ದು.

ಗಾಳಿ ಕುರ್ಚಿಯನ್ನು ಒಂದಿಂಚು ಒಳಗೆ ದೂಡಿತು.