ಮರೆ, ತೆರೆ

ಪ್ಯಾರ್ನು ಬಂದರಿನ ನಕ್ಷೆ ಕಚೇರಿಯಲ್ಲಿ
ಡಿಸೆಂಬರಿಗೆ ಲೈಸೆನ್ಸು ಮುಗಿಯಿತು.
ದುಡ್ಡು ಸುರಿದು ತಂದ ಯುನಿಕ್ಸು, ಅದರದೇ ಡಿಸ್‌ಪ್ಲೇ ಸರ್ವರು,
ಹೊಸ ವರ್ಷದ ಮಾರನೆಯ ದಿನ ಬಾಯಿ ಬಿಡಲಿಲ್ಲ.

ಟಾರ್ತುವಿನಿಂದ ಬಸ್ಸಿನಲ್ಲಿ ತಂದೆ
ಹದಿನಾಲ್ಕು ಫ್ಲಾಪಿ: ಬಿಟ್ಟಿ ಸರ್ವರು,
ಊರೂರಿನ ಯಾರುಯಾರೋ ನಿದ್ದೆಗೆಟ್ಟು ಬರೆದದ್ದು.
ಹನ್ನೊಂದನೆಯದು ಕೆಟ್ಟಿತ್ತು. ಮತ್ತೆ ಬಸ್ಸು.
ರಾತ್ರಿ ಎರಡಕ್ಕೆ ಬೂದು ತೆರೆ ಬೆಳಗಿತು,
ನಟ್ಟನಡುವೆ ಗುಣಾಕಾರದ ಗುರುತಿನಂಥ ಕರ್ಸರು,
ಗುಣಿಸಲು ಏನೂ ಇಲ್ಲದೆ.

ಬೆಳಿಗ್ಗೆ ಮೈಮು ಬಂದರು, ಬೂಟಿನ ಹಿಮ ಕೊಡವಿ.
ಮೂವತ್ತೊಂದು ಚಳಿಗಾಲ
ಕೊಲ್ಲಿಯ ಮಂಜುಗಡ್ಡೆ ಬರೆದ ಕೈ.
ನಕ್ಷೆ ತೆರೆದರು. ಸರಿಯಿತ್ತು.
ಬಾಣ ಗಡಿಯಾರದ ಕಿಟಕಿಗೆ ಹೋಯಿತು, ಸಮುದ್ರ ಗುಲಾಬಿ.
ವಾಪಸ್ಸು ಬಂತು, ನೀಲಿ.
'ಇರೋದೇ ಇನ್ನೂರೈವತ್ತಾರು ಬಣ್ಣ, ಹಂಚಿಕೊಳ್ಳಬೇಕು' ಅಂದೆ.
'ಐವತ್ತು ವರ್ಷ ಅದನ್ನೇ ಮಾಡಿದ್ದೇವೆ' ಅಂದರು,
'ನೀಲಿ ಮಾತ್ರ ಯಾರಿಗೂ ಸಿಗಲಿಲ್ಲ.'

ತೊಂದರೆ ಅದಲ್ಲ.
ಪತ್ರದ ಕಿಟಕಿ ನಕ್ಷೆಯ ಮೇಲೆ ಸರಿದರೆ
ಸರಿದ ಹಾದಿಯಷ್ಟೂ ಬೋಳು.
ಕಿಹ್ನು ದ್ವೀಪ ಅರ್ಧ ಇಲ್ಲ.
ಹಳೆಯ ಸರ್ವರು ಮರೆಯಾದದ್ದನ್ನು ಎತ್ತಿಟ್ಟುಕೊಂಡು
ಮರೆ ಸರಿದೊಡನೆ ಹಾಗೇ ಕೊಡುತ್ತಿತ್ತು.
ಇದಕ್ಕೆ ಮರೆಯಾದದ್ದು ಮರೆತದ್ದೇ.
'ಇಲ್ಲಿ ಬಯಲಾಗಿದೆ, ಮತ್ತೆ ಬರೆ!' ಎಂದು ಕೂಗುತ್ತದೆ;
ನಮ್ಮ ಪ್ರೋಗ್ರಾಮಿಗೆ ಆ ಕೂಗು ಕೇಳುವ ಅಭ್ಯಾಸವೇ ಇಲ್ಲ.
ಇಬ್ಬರದೂ ಒಂದೇ ಭಾಷೆ, ಒಂದೇ ವ್ಯಾಕರಣ.
ನೆನಪಿಡುವ ಕೆಲಸ ಯಾರದೆಂದು ಮಾತ್ರ
ಯಾರೂ ಕರಾರು ಮಾಡಿಕೊಂಡಿರಲಿಲ್ಲ.

ನಾಲ್ಕು ದಿನ ಕೂತು ಪ್ರೋಗ್ರಾಮಿಗೆ ಕಿವಿ ಕೊರೆದೆ.
ಈಗ ಕಿಟಕಿ ಸರಿದಾಗಲೆಲ್ಲ ಮೊದಲಿಂದ ಬರೆಯುತ್ತದೆ,
ದಡದಿಂದ ಆಚೆಗೆ, ಗೆರೆಗೆ ಗೆರೆ,
ಹನ್ನೊಂದು ಸೆಕೆಂಡು.
ನಾಚಿಕೆಯಾಯಿತು.
ಮೈಮು ಕಾಫಿ ಆರಲು ಬಿಟ್ಟು ನೋಡಿದರು:
ಮೊದಲು ರಾಡಿ, ಆಮೇಲೆ ತಟ್ಟೆ ತಟ್ಟೆ, ಆಮೇಲೆ ಗಟ್ಟಿ.
'ನಿಜಕ್ಕೂ ಹೀಗೇ ಹೆಪ್ಪುಗಟ್ಟೋದು.'

ಏಳನೆಯ ಸೆಕೆಂಡಿಗೆ ಗಾಜಿನ ಮೇಲೆ ಬೆರಳಿಟ್ಟರು:
'ಹಡಗಿನ ಹಾದಿ ದಿಬ್ಬದ ಈಚೆ ಅಲ್ಲ, ಆಚೆ.'
ಮೂರು ಚಳಿಗಾಲದ ತಪ್ಪು,
ಎಲ್ಲ ಗೆರೆಗಳ ಗುಂಪಿನಲ್ಲಿ ನಿಂತು ಕಣ್ಣು ತಪ್ಪಿಸಿದ್ದು.
ಹಳೆಯ ಸರ್ವರು ಅದನ್ನೂ ಜತನವಾಗಿ ಕಾಪಾಡಿತ್ತು.

ತಿದ್ದಿದೆ.
'ಎಲ್ಲಿ, ಇನ್ನೊಮ್ಮೆ ಮುಚ್ಚಿ ತೆಗೆ' ಅಂದರು
ಮೈಮು, ಕುರ್ಚಿ ಎಳೆದುಕೊಂಡು.