ಬಲಕ್ಕ ಬೀಳಬ್ಯಾಡ

ಹಿಂದಿನ ಗೇರು ತೂಗೋ ಕೊಂಡಿ ಒಳಗ ಬಾಗ್ಯಾದ.
ಉಗುರಿನಷ್ಟ.
ಅಷ್ಟಕ್ಕ ಚೈನು ಮೂರರ ಮ್ಯಾಲ ನಿಲ್ಲವಲ್ದು,
ನಾಕಕ್ಕ ಹೋಗ್ತೀನಂತದ, ಹೋಗಂಗಿಲ್ಲ,
ಕಟಕಟ ಹಲ್ಲು ಕಡೀತದ.

"ಲಾರಿಯಿಂದ ಉದುರಿದ ಪರ್ಸಿ ಚೂರು, ಮಾಮಾ,
ಶಹಾಬಾದ್ ರೋಡಿಗೆ. ಗಾಲಿ ಜಾರ್ತು, ಬಲಕ್ಕ ಬಿದ್ದೆ."
ಭಾಗ್ಯವಂತಿ ಮೊಣಕೈ ತೋರಸಲಿಲ್ಲ,
ಸೈಕಲ್ ಮುಂದ ಮಾಡಿದಳು.
ನಾಡದು ರೇಸು.

ತಟ್ಟಿನ ಮ್ಯಾಲ ಹತ್ಯಾರ ಹರಡಿ ಕೂತೆ.
ಕಲಬುರಗಿ ಬಿಸಲಿಗೆ ಪಾನಾ ಕಾದು ಕೆಂಡ ಆಗಿತ್ತು.
ಪಾನಾ ಜಗ್ತದ ಖರೆ,
ಎಲ್ಲಿತನ ಅಂತ ಹೇಳಂಗಿಲ್ಲ.
ಸುತ್ತಗಿ? ತೋಬಾ. ಪೆಟಗಿಯೊಳಗ ಇಟ್ಟು ಮುಚ್ಚಿದೆ.
ಇದು ಕಬ್ಣ ಅಲ್ಲ, ಅಲ್ಯೂಮಿನಿಯಂ;
ಎರಡು ಸಲ ಹೇಳಿದ ಮಾತು ಕೇಳ್ತದ,
ಮೂರನೇದಕ್ಕ ಮುರದು ಕೈಯಾಗ ಬರ್ತದ.
ಇದನ್ನ ಮೊದಲೇ ಯಾರೋ ಒಮ್ಮೆ ಜಗ್ಗ್ಯಾರ.
ಬಣ್ಣ ಬಿರಕ ಬಿಟ್ಟದ ನೋಡ್ರಿ.

ಹೈದ್ರಾಬಾದಿನ ದುಕಾನದಾಗ
ಇದಕ್ಕಂತಲೇ ಒಂದು ಉದ್ದ ತೋಳಿನ ಗೇಜು ನೋಡೀನಿ,
ಗಾಜಿನ ಕಪಾಟಿನೊಳಗ, ಐದು ಸಾವಿರದ ಚಿಲ್ಲರ.
ಕಿಮ್ಮತ್ತು ಕೇಳಿ, ಚಾ ಕುಡದು ಬಂದೆ.

ಗಾಲಿಗೆ ಗಾಲೀನೇ ಅಳತಿ ಅಂತಿದ್ದ ಜಿಲಾನಿ ಉಸ್ತಾದ.
ಕೊಂಡಿಯ ತೂತಿಗೆ ಇನ್ನೊಂದು ಗಾಲಿಯ ಅಚ್ಚು ತಿರುವು,
ಎರಡೂ ಮಗ್ಗಲಿಗೆ ಮಗ್ಗಲ ನಿಲ್ತಾವ,
ನಡುವಿನ ಸಂದು ಸುಳ್ಳು ಹೇಳಂಗಿಲ್ಲ.

ಯಾರ ಗಾಲಿ?
ಹಾಲಿನ ರಾಚಣ್ಣನ ಸೈಕಲ್ ಪಂಚರಿಗೆ ನಿಂತಿತ್ತು.
ಬಿಚ್ಚಿ ತಿರುವಿದೆ. ಹೋತು, ಆದ್ರ ಸಡಲ.
ಹಳೇ ಸೈಕಲ್ಲಿನ ಅಚ್ಚು ಇಂಚಿನ ಲೆಕ್ಕದ್ದು,
ಗೇರಿಂದು ಮಿಲಿಮೀಟರ್.
ಕೂದಲೆಳಿ ಫರಕು, ಚೂಡಿ ತಿಂದಬಿಡ್ತದ.
ಚೂಡಿ ಅಂದ್ರ ನಮ್ಮ ಮನ್ಯಾಗ ಬಳಿನೂ ಹೌದು;
ಅಳತಿ ತಪ್ಪಿದ್ದು ಮಣಿಕಟ್ಟಿಗೆ ಮೊದಲ ಗೊತ್ತಾಗ್ತದ.

ಕಡೀಗೆ ಸಣ್ಣ ಮಗನ ಗೇರ್ ಸೈಕಲ್ ಕೆಡವಿದೆ.
ಅಂವ ಟ್ಯೂಷನ್ನಿಗೆ ನಡಕೋತ ಹೋದ,
ಹಿಂದ ತಿರುಗಿ ನೋಡಲಿಲ್ಲ.

ಊದಬತ್ತಿ ಕಡ್ಡಿ ಮುರದು ಸಂದಿಗೆ ಅಡ್ಡ ಹಿಡಿದೆ.
ಮ್ಯಾಲ ಕೂತ ಕಡ್ಡಿ ಕೆಳಗ ಕೂಡವಲ್ದು.
ಗಾಲಿನೇ ಹಿಡದು ಹೊರಗ ಜಗ್ಗಿದೆ.
ಜಗ್ಗಿದೆ ಅನ್ನೂದು ಜಾಸ್ತಿ ಆತು,
ಉಸಿರು ಬಿಟ್ಟಷ್ಟ.
ಮತ್ತ ಕಡ್ಡಿ. ಮುಂದ. ಹಿಂದ.
ಭಾಗ್ಯವಂತಿ ಕೂತು ನೋಡ್ತಿದ್ದಳು,
ಕಣ್ಣು ಕಡ್ಡಿ ಮ್ಯಾಲ.

ಇನ್ನ ಕಡ್ಡಿಪುಳ್ಳಿಯಷ್ಟು ಉಳಿದದ ಕೆಳಗ.
ಇನ್ನೊಮ್ಮೆ ಜಗ್ಗಲೇನು?
ಬಿರಕಿನ ಕಡಿ ನೋಡಿದೆ. ಕೈ ತಗದೆ.

ಪೆಡಲ್ ತಿರುವಿದಳು. ಮೂರು. ನಾಕು.
ಐದಕ್ಕ ಸಣ್ಣಗ ಗೊಣಗಿತು, ಮತ್ತ ಸುಮ್ಮ ಆತು.

"ಎಷ್ಟು ಮಾಮಾ?"
ರೇಸು ಮುಗಿಸಿ ಬಾ, ಹೇಳ್ತೀನಿ.
ಬೀಳೂದಿದ್ರ ಎಡಕ್ಕ ಬೀಳು.