ಮೊದಲ ಎರಡು ನಿಮಿಷ ಹತ್ತು ಸೆಕೆಂಡು

ಐವತ್ತಕ್ಕೆ ಅಂಕ.
ಕ್ಯಾಮೆರಾಕ್ಕೆ ಇಪ್ಪತ್ತೈದು, ಸಂಕಲನಕ್ಕೆ ಇಪ್ಪತ್ತೈದು.
ಕಿಟಕಿಗೆ ಕರಿ ಬಟ್ಟೆ ಕಟ್ಟಿದ್ದೇವೆ, ಆದರೂ
ಮಾಗಡಿ ರಸ್ತೆಯ ಹಾರ್ನು ಒಳಗೇ ಬಂದು ಕೂತಿದೆ.
ಮುಂದಿನ ಬೆಂಚಿನಲ್ಲಿ ಮೂವರು:
ನಿರ್ದೇಶನ ಮುಬೀನಾ, ಕ್ಯಾಮೆರಾ ತಿಪ್ಪೇಸ್ವಾಮಿ,
ಸಂಕಲನ ಜೆಸಿಂತಾ, ಉಗುರು ಕಚ್ಚುತ್ತಿರುವವಳು.

ದೆವ್ವದ ಸಿನಿಮಾ. ಬರೀ ಆರಂಭ.
ಬಂಗಲೆ ಇಲ್ಲ, ಬಿಳಿ ಸೀರೆ ಇಲ್ಲ,
ಬಾಗಿಲ ಮೇಲೆ ಸುಣ್ಣದಲ್ಲಿ ‘ನಾಳೆ ಬಾ’ ಇಲ್ಲ.
ಅದಕ್ಕೇ ಮನಸ್ಸಿನಲ್ಲಿ ಅರ್ಧ ಅಂಕ ಕೊಟ್ಟುಬಿಟ್ಟೆ.
ಇರುವುದು ಲಗ್ಗೆರೆಯ ಒಂದು ಬಾಡಿಗೆ ಮನೆ,
ಗೋಡೆಗೂ ಕಾಂಪೌಂಡಿಗೂ ನಡುವೆ ಎರಡಡಿ ಸಂದಿ,
ಸಂದಿಯ ಕೊನೆಗೆ ಸಂಪು.

ಮೊದಲ ಶಾಟು: ಸಂಪಿನ ಕಬ್ಬಿಣದ ಮುಚ್ಚಳ, ತುಕ್ಕು,
ಮೇಲೆ ಯಾರೋ ಮರೆತ ರಂಗೋಲಿ ಡಬ್ಬಿ.
ತಿಪ್ಪೇಸ್ವಾಮಿ, ಇದು ಚೆನ್ನಾಗಿದೆ.
ಕ್ಯಾಮೆರಾ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದೆ,
ಇರುವೆಯ ಎತ್ತರದಿಂದ ಮುಚ್ಚಳವೂ ಒಂದು ಗುಡ್ಡ.
ಆಮೇಲೆ ಯಾಕಪ್ಪ ಓರೆ ಮಾಡಿದೆ?
ಮನೆ ಓರೆಯಾದರೆ ಇಂಜಿನಿಯರಿಗೆ ಭಯ,
ನೋಡುವವನಿಗಲ್ಲ.

ಹುಡುಗಿ ಬರುತ್ತಾಳೆ, ಒಂದು ಕೈಯಲ್ಲಿ ಮೊಬೈಲ್ ಬೆಳಕು,
ಇನ್ನೊಂದರಲ್ಲಿ ನೀರಳೆಯುವ ಕೋಲು.
ಸಂದಿಯುದ್ದಕ್ಕೂ ಅವಳ ಬೆನ್ನ ಹಿಂದೆ ಜಾರುವ ನೋಟ.
ಟ್ರಾಲಿ ಎಲ್ಲಿಂದ ತಂದಿರಿ?
‘ಗ್ಯಾಸ್ ಸಿಲಿಂಡರ್ ಇಡೋ ಚಕ್ರದ ಸ್ಟ್ಯಾಂಡು ಸಾರ್.
ನಾನು ಕುಕ್ಕರಗಾಲಲ್ಲಿ ಕೂತೆ, ಮುಬೀನಾ ತಳ್ಳಿದ್ಲು.’
ಎರಡು ಕಡೆ ಕುಲುಕಿದೆ. ಒಂದು ಕುಲುಕು ತಪ್ಪು.
ಇನ್ನೊಂದು ಅವಳ ಹೆಜ್ಜೆ ತಡವರಿಸಿದಾಗಲೇ ಬಿತ್ತು,
ಅದು ಅದೃಷ್ಟ. ಅದೃಷ್ಟಕ್ಕೂ ನಾನು ಅಂಕ ಕೊಡುತ್ತೇನೆ.

ಈಗ ಸಂಕಲನ.
ಮುಚ್ಚಳ ತೆರೆಯುವಾಗ ಒಂಬತ್ತು ಸೆಕೆಂಡಿಗೆ ಹನ್ನೊಂದು ಕಟ್.
ಕಣ್ಣು, ಕೈ, ಹಿಡಿಕೆ, ಕಣ್ಣು, ಬಲ್ಬು, ಮತ್ತೆ ಕಣ್ಣು.
ಜೆಸಿಂತಾ, ಇದು ನನಗೆ ಗೊತ್ತಿರುವ ರೋಗ.
ಹದಿನಾಲ್ಕು ವರ್ಷ ಧಾರಾವಾಹಿ ಕತ್ತರಿಸಿದವನು ನಾನು.
ಹಾಲು ಉಕ್ಕಿದರೆ ಅತ್ತೆಯ ಮುಖ ಮೂರು ಸಲ,
ಸೊಸೆಯ ಮುಖ ಮೂರು ಸಲ, ಪಾತ್ರೆಯ ಮುಖವೂ ಮೂರು ಸಲ,
ಮೇಲೆ ಒಂದು ಢಂ.
ಹೆದರಿಸುವುದು ಅವಸರದ ಕೆಲಸವಲ್ಲಮ್ಮ.
ಕುಕ್ಕರಿನ ಎರಡನೇ ಕೂಗಿಗೂ ಮೂರನೆಯದಕ್ಕೂ ನಡುವೆ
ಅಡುಗೆಮನೆ ಹೇಗಿರುತ್ತದೆ, ಒಮ್ಮೆ ನಿಂತು ಕೇಳು.

ನಂತರ ಆ ಶಾಟು.
ಇಪ್ಪತ್ತೆರಡು ಸೆಕೆಂಡು ಅಲುಗದ ಚೌಕಟ್ಟು:
ತೆರೆದ ಸಂಪು, ಒದ್ದೆ ಮೆಟ್ಟಿಲು, ಮೋಟಾರು.
ಹುಡುಗಿ ಎಲ್ಲಿ ಹೋದಳು, ಹೇಳಿಲ್ಲ. ಒಳ್ಳೆಯದು.
ಕರೆಂಟು ಹೋಗಿದೆ, ಎದುರು ಮನೆಯ ಯುಪಿಎಸ್ ದೀಪದ
ಎಂಜಲು ಬೆಳಕು.
ಆ ಕರೆಂಟಿಲ್ಲದ ಕತ್ತಲಲ್ಲಿ ಮೋಟಾರು
ತಾನಾಗಿ ಓಡತೊಡಗುತ್ತದೆ.
ಯಾರೂ ಕರೆಯದ ಬೆಕ್ಕೊಂದು ಎಡಗಡೆಯಿಂದ ಬಂತು,
ಅಂಚಿನಲ್ಲಿ ನಿಂತಿತು,
ಒಳಗೆ ಬಗ್ಗಿ ನೋಡಿತು,
ತಲೆ ಎತ್ತತೊಡಗಿತು
ಕಟ್. ಹೆಸರು. ಕೆಂಪು ಅಕ್ಷರ.

ಛೆ ಎಂದೆ, ಜೋರಾಗಿಯೇ.
ಪೆನ್ನಿನ ಕ್ಯಾಪು ತೆಗೆದೆ. ಎಂಟು ಅಂಕ ಹೋಯಿತು ನಿನಗೆ.
ಬೆಕ್ಕು ನೋಡಿದ್ದನ್ನು ನಾವು ನೋಡಬಾರದು, ಸರಿ,
ನೋಡಿದ ಬೆಕ್ಕನ್ನಾದರೂ ನೋಡಬೇಡವೇ?
ಇನ್ನೆರಡು ಸೆಕೆಂಡು ಬಿಡಲು ಏನು ಕಷ್ಟವಾಗಿತ್ತು?

ತಿಪ್ಪೇಸ್ವಾಮಿ ಚಪ್ಪಲಿ ನೋಡಿಕೊಂಡ.
ಜೆಸಿಂತಾ ಬಾಯಿಂದ ಬೆರಳು ತೆಗೆದು ಹೇಳಿದಳು:
‘ರಾತ್ರಿ ಒಬ್ಳೇ ಇದ್ದೆ ಸಾರ್, ಎಡಿಟ್ ರೂಮಲ್ಲಿ.
ಅಲ್ಲಿಂದ ಮುಂದೆ ನೋಡಕ್ಕಾಗ್ಲಿಲ್ಲ.
ಇವತ್ತಿಗೂ ನೋಡಿಲ್ಲ.’

ಹಾರ್ಡ್ ಡಿಸ್ಕ್ ಇಟ್ಟು ಹೋಗಿ ಎಂದೆ.

ಏಳೂವರೆಗೆ ಅಟೆಂಡರ್ ಸಿದ್ದಗಂಗಪ್ಪ
ನಾನಿರುವುದು ಗೊತ್ತಿಲ್ಲದೆ ಕಾರಿಡಾರಿನ ದೀಪ ಆರಿಸಿ
ಕೆಮ್ಮುತ್ತ ಗೇಟಿನ ಕಡೆ ನಡೆದ.
ಕತ್ತರಿಸದ ಶಾಟು ಐವತ್ತೊಂದು ಸೆಕೆಂಡು ಇದೆ.
ಮೆಟ್ಟಿಲು. ಮೋಟಾರು. ಬೆಕ್ಕು.
ಮೂವತ್ತು ವರ್ಷ ಪಳಗಿದ ಹೆಬ್ಬೆರಳು
ಸ್ಪೇಸ್ ಬಾರಿನ ಮೇಲೆ ಸುಮ್ಮನೆ ಇತ್ತು.
ಬೆಕ್ಕು ಬಗ್ಗಿತು.
ತಲೆ ಎತ್ತತೊಡಗಿತು.

ನಿಂತ ಚಿತ್ರದ ಕೆಳಗಿನ ಸಂಖ್ಯೆ ಬರೆದುಕೊಂಡೆ,
ಅವಳು ಕತ್ತರಿಸಿದ ಸಂಖ್ಯೆಯಿಂದ ಕಳೆದೆ.
ನಾಲ್ಕು ಫ್ರೇಮು.
ನಾನು ಮೊದಲು.